ಮಾಸ್ಕೋ ಕ್ರಮ: ಯಂತ್ರಶಿಲ್ಪದ ಶಿಕ್ಷಣದಲ್ಲಿ ಕೈಯ ಪಾಠ

ವ್ಯಾಕರಣ, ತರ್ಕ, ಧರ್ಮಶಾಸ್ತ್ರ, ವೈದ್ಯ ಮೊದಲಾದುವು ನೂರಾರು ವರ್ಷಗಳಿಂದ ವಿದ್ಯಾಪೀಠಗಳಲ್ಲಿ ನೆಲೆಗೊಂಡಿರುವಂತೆ ಯಂತ್ರಶಿಲ್ಪವು ನೆಲೆಗೊಂಡುದಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಆ ವಿದ್ಯೆಯು ಬಹುಮಟ್ಟಿಗೆ ಕುಲುಮೆಯ ಬಳಿಯಲ್ಲಿಯೇ ಉಳಿದಿದ್ದಿತು. ಅದು ವಿಶ್ವವಿದ್ಯಾನಿಲಯದ ಹೊಸ್ತಿಲನ್ನು ದಾಟಿ ಒಳಕ್ಕೆ ಬರುವಾಗ ತೊಡಕಾದ ಒಂದು ಪ್ರಶ್ನೆಯನ್ನೂ ತನ್ನೊಡನೆ ತಂದಿತು. ಬುದ್ಧಿಯು ಗ್ರಹಿಸಬೇಕಾದುದನ್ನು ಉಪನ್ಯಾಸದಿಂದ ತಿಳಿಸಬಹುದು. ಕೈ ಕಲಿಯಬೇಕಾದುದನ್ನು ತಿಳಿಸುವುದು ಹೇಗೆ? ಅದನ್ನು ಪಾಠವೆಂದು ಕರೆಯಬಹುದೆ? ಅದಕ್ಕೂ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳೆಂಬ ಕ್ರಮವುಂಟೆ? ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರವೊಂದು ದೊರೆತುದು ರಷ್ಯಾ ದೇಶದ ಮಾಸ್ಕೋ ನಗರದಲ್ಲಿ. ಆ ಉತ್ತರವು ದೇಶದಿಂದ ದೇಶಕ್ಕೆ ಹೋದ ಬಗೆಯೂ, ಹೋಗುವಾಗ ತನ್ನ ಅರ್ಧಭಾಗವನ್ನು ದಾರಿಯಲ್ಲಿ ಕಳೆದುಕೊಂಡ ಬಗೆಯೂ ಯಂತ್ರಶಿಲ್ಪಿಗಳಿಗೆ ಮಾತ್ರವೇ ಅಲ್ಲ, ಬೋಧನೆಯನ್ನು ವೃತ್ತಿಯಾಗಿ ಉಳ್ಳವರೆಲ್ಲರಿಗೂ ವಿಚಾರಾರ್ಹವಾಗಿವೆ.

ಅದಕ್ಕೆ ಮೊದಲು ಯೂರೋಪಿನಲ್ಲಿ ಎರಡು ಮಾರ್ಗಗಳು ರೂಢಿಯಲ್ಲಿದ್ದುವು. ಇಂಗ್ಲೆಂಡಿನವರು ಬಾಲಕನನ್ನು ಕಾರ್ಖಾನೆಯ ಯಜಮಾನನಲ್ಲಿ ಕೆಲವು ವರ್ಷ ಶಿಷ್ಯವೃತ್ತಿಗೆ ಬಿಡುತ್ತಿದ್ದರು. ಅಲ್ಲಿ ಆತನು ಕಲಿಯುತ್ತಿದ್ದುದು ಆ ಕಾಲದಲ್ಲಿ ಕಾರ್ಖಾನೆಗೆ ಬಂದ ಗಿರಾಕಿಗಳ ಅಪೇಕ್ಷೆಯನ್ನು ಅವಲಂಬಿಸಿತ್ತು. ವರ್ಷವೆಲ್ಲ ಪಂಪುಗಳಿಗೇ ಬೇಡಿಕೆ ಬಂದರೆ ಹುಡುಗನಿಗೆ ಪಂಪೇ ಪಾಠ. ಫ್ರಾನ್ಸಿನಲ್ಲಿಯಾದರೋ ೧೭೯೪ರಲ್ಲಿ ಸ್ಥಾಪಿತವಾದ ಎಕೋಲ್ ಪಾಲಿಟೆಕ್ನಿಕ್ ಎಂಬ ವಿದ್ಯಾಶಾಲೆಯು ಗಣಿತವನ್ನೂ ರೇಖಾಶಾಸ್ತ್ರವನ್ನೂ ತಳಹದಿಯಾಗಿಟ್ಟು, ಶಾಸ್ತ್ರದಿಂದ ಶಿಲ್ಪಕ್ಕೆ ಇಳಿಯುವ ಮಾರ್ಗವನ್ನು ಹಾಕಿಕೊಟ್ಟಿತು. ಮೊದಲನೆಯದರಲ್ಲಿ ಕೆಲಸವಿತ್ತು, ಕ್ರಮವಿರಲಿಲ್ಲ. ಎರಡನೆಯದರಲ್ಲಿ ಕ್ರಮವಿತ್ತು, ಕೈಗೆ ಮಾತ್ರ ಕೆಲಸವು ಸ್ವಲ್ಪವೇ.

ಮಾಸ್ಕೋವಿನ ಶಾಲೆಯು ಹುಟ್ಟಿದುದು ಪಂಡಿತರಿಗಾಗಿ ಅಲ್ಲ, ತಬ್ಬಲಿ ಮಕ್ಕಳಿಗಾಗಿ. ಆ ನಗರದ ಅನಾಥಾಲಯದಲ್ಲಿ ಬೆಳೆಯುತ್ತಿದ್ದ ಹುಡುಗರಿಗೆ ಜೀವನೋಪಾಯವಾಗಲೆಂದು ರಾಜಮಾತೆ ಮಾರಿಯಾ ಫಿಯೊದೊರೋವ್ನಳು ಕೈಕೆಲಸದ ಶಾಲೆಗಳನ್ನು ಏರ್ಪಡಿಸಿದಳು. ೧೮೩೦ರಲ್ಲಿ ಅದಕ್ಕೆ ರಾಜಶಾಸನದ ಮನ್ನಣೆ ದೊರೆತಿತು; ೧೮೬೮ರಲ್ಲಿ ಅದು ಇಂಜಿನಿಯರುಗಳನ್ನು ಸಿದ್ಧಪಡಿಸುವ ಉಚ್ಚ ವಿದ್ಯಾಲಯವಾಗಿ ಇಂಪೀರಿಯಲ್ ಟೆಕ್ನಿಕಲ್ ಶಾಲೆಯೆಂಬ ಹೆಸರನ್ನು ಪಡೆಯಿತು. ಇಂದು ಬೌಮನ್ ವಿಶ್ವವಿದ್ಯಾನಿಲಯವೆಂದು ಪ್ರಸಿದ್ಧವಾಗಿರುವುದು ಇದೇ ಸಂಸ್ಥೆ. ಆ ಪರಿವರ್ತನೆಯ ಕಾಲದಲ್ಲಿ ಅದರ ಮುಖ್ಯಾಧಿಕಾರಿಯಾಗಿದ್ದವನು ವಿಕ್ಟರ್ ಡೆಲ್ಲಾ-ವೋಸ್ ಎಂಬಾತನು. ಆತನೂ ಆತನ ಸಹೋದ್ಯೋಗಿಗಳೂ, ಮುಖ್ಯವಾಗಿ ಕರ್ಮಶಾಲೆಯನ್ನು ನೋಡಿಕೊಳ್ಳುತ್ತಿದ್ದ ಸೊವೆತ್ಕಿನ್ ಎಂಬುವನೂ, ರೂಪಿಸಿದ ಬೋಧನಾಕ್ರಮಕ್ಕೆ ಹೊರನಾಡಿನಲ್ಲಿ ರಷ್ಯನ್ ಕ್ರಮವೆಂದು ಹೆಸರಾಯಿತು.

ಅವರು ಎದುರಿಸಿದ ಕಷ್ಟವು ಬಹಳ ಸಾಮಾನ್ಯವಾದುದು. ವಿದ್ಯಾರ್ಥಿಗಳು ಹಲವರು, ಗುರುವು ಒಬ್ಬನು, ಕಾಲವು ಸ್ವಲ್ಪ. ಶಿಷ್ಯವೃತ್ತಿಯ ರೀತಿಯಲ್ಲಿ ಒಬ್ಬೊಬ್ಬನನ್ನೂ ವರ್ಷಗಟ್ಟಲೆ ಪಕ್ಕದಲ್ಲಿ ನಿಲ್ಲಿಸಿಕೊಂಡು ತಿದ್ದುವುದಕ್ಕೆ ಅವಕಾಶವಿರಲಿಲ್ಲ. ಆದುದರಿಂದ ಡೆಲ್ಲಾ-ವೋಸನು ಮೊದಲು ಮಾಡಿದ ಕಾರ್ಯವು ವಿಂಗಡಣೆ. ಮರಗೆಲಸ, ಮರದ ಕಡೆತ, ಕಮ್ಮಾರಿಕೆ, ಅರದ ಕೆಲಸ ಇವುಗಳಿಗೆ ಬೇರೆಬೇರೆ ಶಾಲೆಗಳಾದುವು. ಒಂದೊಂದು ಶಾಲೆಯಲ್ಲಿಯೂ ಒಂದು ಸಲಕ್ಕೆ ಎಷ್ಟು ಮಂದಿ ವಿದ್ಯಾರ್ಥಿಗಳು ಬರುವರೋ ಅಷ್ಟೇ ಕೆಲಸದ ಮೇಜುಗಳು, ಅಷ್ಟೇ ಜೊತೆ ಉಪಕರಣಗಳು. ಅನಂತರ ಒಂದೊಂದು ಕಸುಬನ್ನೂ ಅದರ ಮೂಲಕ್ರಿಯೆಗಳಾಗಿ ಬಿಡಿಸಿ, ಆ ಕ್ರಿಯೆಗಳನ್ನು ಸುಲಭದಿಂದ ಕಠಿನದ ಕಡೆಗೆ ಜೋಡಿಸಿ, ಒಂದೊಂದಕ್ಕೂ ಒಂದೊಂದು ಮಾದರಿಯ ತುಂಡನ್ನು ಗೊತ್ತುಮಾಡಲಾಯಿತು. ವಿದ್ಯಾರ್ಥಿಯು ಮಾದರಿಯ ನಕ್ಷೆಯನ್ನು ತಾನೇ ಬರೆದುಕೊಂಡು, ಆ ನಕ್ಷೆಯಂತೆ ತುಂಡನ್ನು ಮಾಡಬೇಕು. ಹಿಂದಿನದು ಒಪ್ಪಿಗೆಯಾಗುವವರೆಗೆ ಮುಂದಿನದನ್ನು ಮುಟ್ಟುವಂತಿಲ್ಲ. ಉಪಕರಣಗಳ ಸ್ವರೂಪವು ಕಣ್ಣಿಗೆ ಚೆನ್ನಾಗಿ ಹತ್ತಲೆಂದು ಅರದ ಹಲ್ಲು, ಬೈರಿಗೆಯ ಬಾಯಿ ಮೊದಲಾದುವನ್ನು ಹಲವುಪಟ್ಟು ದೊಡ್ಡದಾಗಿ ಮಾಡಿ ಗೋಡೆಗೆ ತೂಗುಹಾಕಿದ್ದರು. ಅಕ್ಷರಾಭ್ಯಾಸಕ್ಕೆ ಹಲಗೆಯ ಮೇಲೆ ದೊಡ್ಡ ಅಕ್ಷರಗಳನ್ನು ಬರೆದಿಡುವಂತೆ.

ಈ ಕ್ರಮದಲ್ಲಿ ಎರಡು ನಿಯಮಗಳು ವಿಶೇಷ ಸೂಕ್ಷ್ಮವಾದುವು. ಮೊದಮೊದಲಿನ ತುಂಡುಗಳಲ್ಲಿ ಅಳತೆಯು ಸುಮಾರಾಗಿ ಬಂದರೂ ಒಪ್ಪುವರು. ಕಡೆಯ ತುಂಡುಗಳು ನಕ್ಷೆಗೆ ಕೂದಲೆಳೆಯಷ್ಟೂ ತಪ್ಪಿರಬಾರದು. ಆದಕಾರಣ ಮೊದಲ ತಿಂಗಳಲ್ಲಿ ದೊರೆತ ಗುಣಾಂಕಕ್ಕೂ ಕಡೆಯ ತಿಂಗಳಲ್ಲಿ ದೊರೆತ ಅದೇ ಗುಣಾಂಕಕ್ಕೂ ಬೆಲೆ ಒಂದೇ ಅಲ್ಲ. ಎರಡನೆಯ ನಿಯಮವು ಗುರುವಿಗೆ ಸಂಬಂಧಿಸಿದುದು: ಪಾಠಕ್ಕೆ ಬೇಕಾದುದಕ್ಕಿಂತ ಹೆಚ್ಚಾದ ಕೈಚಳಕವು ಆತನಿಗಿರಬೇಕು, ಅಷ್ಟೇ ಅಲ್ಲ, ಆ ಚಳಕವು ತುಕ್ಕು ಹಿಡಿಯದಂತೆ ಆತನು ನಿತ್ಯವೂ ಅಭ್ಯಾಸ ಮಾಡುತ್ತಿರಬೇಕು. ಕಾವ್ಯವನ್ನು ಬೋಧಿಸುವವರು ನಿತ್ಯವೂ ಪದ್ಯ ರಚಿಸಬೇಕೆಂದು ಯಾವ ವಿಶ್ವವಿದ್ಯಾನಿಲಯವೂ ವಿಧಿಸಿಲ್ಲವೆಂಬುದು ಸಾಹಿತ್ಯದ ಅಧ್ಯಾಪಕರಿಗೆ ಸಮಾಧಾನದ ಸಂಗತಿಯಾಗಿರಬಹುದು.

ಒಂದು ತುಂಡನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡುವ ಪಾಠವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೇಳುವುದಕ್ಕೆ ಇದಕ್ಕಿಂತ ಅಲ್ಪವಾದ ಕೆಲಸವಿಲ್ಲ. ಆದರೆ ಹೊಸಬನು ಉಜ್ಜಿದ ಕಬ್ಬಿಣವು ಎಂದಿಗೂ ಚಪ್ಪಟೆಯಾಗುವುದಿಲ್ಲ. ಅಂಚುಗಳು ಸವೆದು ನಡುಭಾಗವು ಉಬ್ಬಿಕೊಳ್ಳುವುದು. ಇದಕ್ಕೆ ಕಾರಣವೇನೆಂದರೆ, ವೈಸಿನಲ್ಲಿ ಬಿಗಿದ ತುಂಡು ಆನಿಕೆಯಂತೆಯೂ, ಅದರ ಮೇಲೆ ಹರಿಯುವ ಅರವು ಸನ್ನೆಗೋಲಿನಂತೆಯೂ ಇರುವುವು. ಅರವನ್ನು ಮುಂದಕ್ಕೆ ನೂಕುತ್ತ ಹೋದಂತೆಲ್ಲ ಮುಂದಿನ ತೋಳು ಉದ್ದವಾಗುತ್ತದೆ, ಹಿಂದಿನ ತೋಳು ಗಿಡ್ಡವಾಗುತ್ತದೆ. ಎರಡು ಕೈಗಳೂ ಸಮನಾಗಿಯೇ ಒತ್ತುತ್ತಿದ್ದರೆ ಅರವು ಮೊದಲು ಹಿಂದಕ್ಕೂ ಕಡೆಗೆ ಮುಂದಕ್ಕೂ ತೂಗಿ ಅಂಚುಗಳನ್ನು ತಿನ್ನುವುದು. ಆದುದರಿಂದ ತಳ್ಳುವ ಆರಂಭದಲ್ಲಿ ಅರದ ಮುಂತುದಿಯನ್ನು ಹಿಡಿದ ಎಡಗೈ ಹೆಚ್ಚಾಗಿ ಒತ್ತಬೇಕು. ಬರುಬರುತ್ತ ಆ ಭಾರವು ಹಿಡಿಯ ಮೇಲಿರುವ ಬಲಗೈಗೆ ಜಾರಬೇಕು. ಸನ್ನೆಯ ಈ ಸೂತ್ರವನ್ನು ಯಂತ್ರಶಾಸ್ತ್ರದ ಗ್ರಂಥದ ಮೊದಲ ಪುಟಗಳಲ್ಲಿಯೇ ಕಾಣಬಹುದು. ಪರೀಕ್ಷೆಯಲ್ಲಿ ಅದನ್ನು ತಪ್ಪಿಲ್ಲದೆ ಬರೆದವನೂ ಅರವನ್ನು ಹಿಡಿದಾಗ ಉಬ್ಬನ್ನೇ ಉಜ್ಜುವನು. ಮೂಲೆಮಟ್ಟವನ್ನು ತುಂಡಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದರೆ ನಡುವಿನ ಉಬ್ಬಿನ ಎರಡು ಪಕ್ಕಗಳಲ್ಲಿಯೂ ಬೆಳಕು ತೂರಿಬರುತ್ತದೆ. ಅಲ್ಲಿ ವಾದಕ್ಕೆ ಎಡೆಯಿಲ್ಲ. ಗುರುವು ತಪ್ಪೆಂದು ಹೇಳಬೇಕಾದುದೂ ಇಲ್ಲ. ತಪ್ಪು ತಾನಾಗಿಯೇ ಬೆಳಗುವುದು. ಹಸ್ತಪಾಠದ ಹಿರಿಮೆಯನ್ನು ಪ್ರತಿಪಾದಿಸುವವರು ಸಾಮಾನ್ಯವಾಗಿ ಕುಶಲತೆಯ ಮಾತನ್ನೇ ಆಡುವರು. ಅದಕ್ಕಿಂತಲೂ ಮಿಗಿಲಾದುದು ಈ ಗುಣ: ವಸ್ತುವು ವಿದ್ಯಾರ್ಥಿಯ ಮುಖವನ್ನು ನೋಡಿ ತೀರ್ಪು ಕೊಡುವುದಿಲ್ಲ.

ಚಿತ್ರ, ಸಂಗೀತ ಮೊದಲಾದ ಕಲೆಗಳನ್ನು ಕಲಿಯುವವನು ಆರಂಭದಿಂದಲೂ ಕ್ರಮವಾಗಿ ಏರುವ ಅಭ್ಯಾಸಗಳಿಗೆ ಒಳಪಟ್ಟಾಗಲೇ ಸುಲಭವಾಗಿ ಸಿದ್ಧಿಯನ್ನು ಪಡೆಯುವನೆಂಬುದು ಡೆಲ್ಲಾ-ವೋಸನು ತನ್ನ ಕ್ರಮಕ್ಕೆ ಕೊಟ್ಟ ಸಮರ್ಥನೆ. ಕನ್ನಡ ನಾಡಿನವರಿಗೆ ಇದು ಹೊಸ ಮಾತೇನೂ ಅಲ್ಲ. ಕರ್ಣಾಟಕ ಸಂಗೀತವನ್ನು ಕಲಿಯುವ ಮಗುವಿಗೆ ಯಾರೂ ಮೊದಲ ದಿನವೇ ಕೀರ್ತನೆಯನ್ನು ಹೇಳಿಕೊಡುವುದಿಲ್ಲ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಆಮೇಲೆ ಜಂಟಿ ವರಸೆ, ಅಲಂಕಾರ, ಗೀತೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವರು. ಈ ಸೋಪಾನವನ್ನು ಕಟ್ಟಿದವರು ಪುರಂದರದಾಸರೆಂಬುದು ಸಂಪ್ರದಾಯ. ಸರಳೆಯು ಸಂಗೀತವಲ್ಲ; ಅದನ್ನು ಕೇಳಲು ಸಭೆಯೂ ಸೇರುವುದಿಲ್ಲ. ಮಾಸ್ಕೋವಿನ ಮಾದರಿ ತುಂಡುಗಳೂ ಹಾಗೆಯೇ: ಅವು ಯಾವ ಯಂತ್ರಕ್ಕೂ ಹೊಂದುವಂಥವಲ್ಲ, ಪೇಟೆಯಲ್ಲಿ ಬೆಲೆಯಿಲ್ಲ. ಅವು ಕಬ್ಬಿಣದ ಸರಳೆಗಳು.

ಈ ತುಂಡುಗಳನ್ನು ೧೮೭೩ರಲ್ಲಿ ವಿಯೆನ್ನಾ ನಗರದ ಜಾಗತಿಕ ಪ್ರದರ್ಶನದಲ್ಲಿಯೂ, ೧೮೭೬ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಪ್ರದರ್ಶನದಲ್ಲಿಯೂ ಇಟ್ಟಿದ್ದರು. ಫಿಲಡೆಲ್ಫಿಯಾದಲ್ಲಿ ಅವುಗಳ ಮುಂದೆ ನಿಂತು ನೋಡಿದವರಲ್ಲಿ ಜಾನ್ ರಂಕಲ್ ಎಂಬಾತನೊಬ್ಬನು. ಬಾಸ್ಟನ್ನಿನಲ್ಲಿ ೧೮೬೧ರಲ್ಲಿ ಸ್ಥಾಪಿತವಾಗಿದ್ದ ಮ್ಯಾಸಚುಸೆಟ್ಸ್ ತಾಂತ್ರಿಕ ವಿದ್ಯಾಲಯಕ್ಕೆ ಆತನು ಆಗ ಅಧ್ಯಕ್ಷನು, ಸ್ವತಃ ಗಣಿತಜ್ಞನು. ತನ್ನ ವಿದ್ಯಾಲಯದಿಂದ ಹೊರಬರುವ ತರುಣರು ಲೆಕ್ಕವನ್ನು ಬಲ್ಲರು, ಕಾರ್ಖಾನೆಯಲ್ಲಿ ಕಾಲಿಡಲಾರರು ಎಂಬ ಕೊರತೆಯು ಆತನನ್ನು ಬಹುಕಾಲದಿಂದ ಬಾಧಿಸುತ್ತಿದ್ದಿತು. ಶಾಲೆಯೊಳಗೆ ಕಾರ್ಖಾನೆಯನ್ನು ಇಟ್ಟುಕೊಂಡರೆ ಶಾಲೆಯು ಕಾರ್ಖಾನೆಯೇ ಆಗಿಬಿಡುವುದೆಂಬ ಭಯವೂ ಇತ್ತು. ಬೋಧನೆಯನ್ನು ಉತ್ಪಾದನೆಯಿಂದ ಬೇರ್ಪಡಿಸಬಹುದೆಂಬುದನ್ನು ಆ ತುಂಡುಗಳಲ್ಲಿ ಕಂಡೊಡನೆ ಆತನ ಸಂದೇಹವು ಪರಿಹಾರವಾಯಿತು. ಆತನ ಸಲಹೆಯಂತೆ ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ವಿದ್ಯಾಲಯದವರು ಕರ್ಮಶಾಲೆಗಳನ್ನು ಸ್ಥಾಪಿಸಲು ನಿಶ್ಚಯಿಸಿದರು. ವಿಶ್ವವಿದ್ಯೆಯ ಚರಿತ್ರೆಯಲ್ಲಿ ಒಂದು ಬೇಸಗೆಯೊಳಗೆ ಇಂತಹ ತೀರ್ಮಾನವಾದುದು ಅಪೂರ್ವವೇ ಸರಿ.

ಸೈಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಕಾಲ್ವಿನ್ ವುಡ್ವರ್ಡ್ ಎಂಬ ಪ್ರಾಧ್ಯಾಪಕನು ಇದೇ ನೆಲೆಗೆ ಬೇರೊಂದು ದಾರಿಯಿಂದ ಬಂದಿದ್ದನು. ೧೮೭೦ರ ದಶಕದ ಮೊದಲಲ್ಲಿ ಆತನು ಯಂತ್ರಶಾಸ್ತ್ರದ ಕೆಲವು ಸಮಸ್ಯೆಗಳನ್ನು ಸ್ಪಷ್ಟಪಡಿಸುವುದಕ್ಕಾಗಿ ವಿದ್ಯಾರ್ಥಿಗಳು ಮರದಲ್ಲಿ ಮಾದರಿಗಳನ್ನು ಮಾಡಿತರಲೆಂದು ಅಪೇಕ್ಷಿಸಿದನು. ಮಾಡಲು ಹೋದಾಗ ಅವರಲ್ಲಿ ಉಳಿಯನ್ನೂ ಗರಗಸವನ್ನೂ ಹಿಡಿಯಬಲ್ಲವರೇ ದುರ್ಲಭರಾದರು. ಕಡೆಗೆ ವಿಶ್ವವಿದ್ಯಾನಿಲಯದ ಬಡಗಿಯನ್ನೇ ಕರೆದು ಅವರಿಗೆ ಪಾಠ ಹೇಳಿಸಬೇಕಾಯಿತು. ಬಲವಿಜ್ಞಾನವನ್ನು ಕಲಿಸಹೊರಟ ಪ್ರಾಧ್ಯಾಪಕನಿಗೆ ಅದರ ಮುನ್ನುಡಿಯು ಬಡಗಿಯ ಬಳಿಯಿರುವುದೆಂದು ಗೋಚರವಾಯಿತು. ೧೮೮೦ರಲ್ಲಿ ಆತನು ಆರಂಭಿಸಿದ ಹಸ್ತಶಿಕ್ಷಣದ ಶಾಲೆಯು ಅಮೆರಿಕದ ಪ್ರೌಢಶಾಲೆಗಳಿಗೂ ಮಾದರಿಯಾಯಿತು.

ಈ ಕ್ರಮವನ್ನು ಎಲ್ಲರೂ ತಲೆಬಾಗಿ ಒಪ್ಪಿದರೆಂದು ಭಾವಿಸಕೂಡದು. ಮ್ಯಾಸಚುಸೆಟ್ಸಿನಲ್ಲಿಯೇ ವೂಸ್ಟರ್ ಎಂಬ ಊರಿನಲ್ಲಿ ೧೮೬೮ರಲ್ಲಿ ತೆರೆದ ವಿದ್ಯಾಲಯವೊಂದು ಇದಕ್ಕೆ ನೇರವಾದ ಪ್ರತಿಪಕ್ಷವಾಗಿ ನಿಂತಿತು. ತಂತಿಯ ಕಾರ್ಖಾನೆಯಿಂದ ಧನವಂತನಾದ ಇಕಬಾಡ್ ವಾಷ್‌ಬರ್ನನು ಅದಕ್ಕೆ ಪೂರ್ಣಪ್ರಮಾಣದ ಯಂತ್ರಶಾಲೆಯನ್ನು ದಾನಮಾಡಿದ್ದನು. ಅಲ್ಲಿ ಪಳಗಿದ ಕೆಲಸಗಾರರ ಸಂಗಡ ವಿದ್ಯಾರ್ಥಿಗಳೂ ದುಡಿಯುತ್ತಿದ್ದರು. ತಯಾರಾದ ಯಂತ್ರಗಳನ್ನು, ಏರುಯಂತ್ರಗಳನ್ನು ಸಹ, ಗಿರಾಕಿಗಳಿಗೆ ಮಾರುತ್ತಿದ್ದರು. ವೂಸ್ಟರಿನವರ ವಾದದ ಸಾರಾಂಶವಿಷ್ಟು: ಬಿಸಾಡುವುದಕ್ಕಾಗಿ ಮಾಡಿದ ತುಂಡು ಎಷ್ಟು ನಯವಾಗಿದ್ದರೂ ಅದರಲ್ಲಿ ಹೊಣೆಯಿಲ್ಲ. ಕೊಳ್ಳುವವನೊಬ್ಬನು ಕಾದಿರುವಾಗ ಕಾಲಕ್ಕೂ ವೆಚ್ಚಕ್ಕೂ ಅಳತೆಗೂ ಏಕಕಾಲದಲ್ಲಿ ಉತ್ತರ ಹೇಳಬೇಕಾಗುವುದು. ಶಿಲ್ಪಿಯ ಬಾಳೆಲ್ಲ ಇದೇ. ಸಂಗೀತದ ದೃಷ್ಟಾಂತವನ್ನೇ ಮುಂದುವರಿಸಿ ಹೇಳುವುದಾದರೆ, ಸಭೆಯ ಭಯವನ್ನು ಕಾಣದೆ ವರಸೆಯನ್ನೇ ಸಾಧಿಸಿದವನು ಗಾಯಕನಾಗುವನೆ ಎಂಬುದು ಅವರ ಪ್ರಶ್ನೆ. ಮಾಸ್ಕೋ ಪಕ್ಷದವರು ಹೇಳುತ್ತಿದ್ದ ಉತ್ತರವೂ ಹಗುರವಾದುದಲ್ಲ: ಗಿರಾಕಿಯು ಕಾದಿರುವಾಗ ಕೆಲಸವನ್ನು ಬಲ್ಲವನ ಕೈಗೇ ಕೊಡುವರು; ಕಲಿಯಬೇಕಾದವನು ಕಸ ಗುಡಿಸುವನು.

ಈ ವಿವಾದದಲ್ಲಿ ಒಂದು ಸಂಗತಿಯು ಬಹುಮಟ್ಟಿಗೆ ಮರೆಯಾಯಿತು. ಮಾಸ್ಕೋ ಶಾಲೆಯಲ್ಲಿದ್ದುದು ಬೋಧನೆಯ ಕರ್ಮಶಾಲೆಗಳು ಮಾತ್ರವಲ್ಲ. ಅದಕ್ಕೆ ಹೊಂದಿಕೊಂಡು ನಿಜವಾದ ಯಂತ್ರಕಾರ್ಖಾನೆಯೊಂದಿತ್ತು; ಅಲ್ಲಿ ಕೂಲಿಯ ಕೆಲಸಗಾರರಿದ್ದರು, ಹೊರಗಿನವರ ಬೇಡಿಕೆಯಂತೆ ಉಗಿಯಂತ್ರ, ಪಂಪು ಮೊದಲಾದುವನ್ನು ಮಾಡಿಕೊಡುತ್ತಿದ್ದರು. ವಿದ್ಯಾರ್ಥಿಯು ಮಾದರಿ ತುಂಡುಗಳನ್ನು ಮುಗಿಸಿದ ಮೇಲೆ ಆ ಕಾರ್ಖಾನೆಗೆ ಹೋಗುವನು. ಎಂದರೆ ವೂಸ್ಟರಿನವರು ಯಾವುದಕ್ಕಾಗಿ ವಾದಿಸುತ್ತಿದ್ದರೋ ಅದು ಡೆಲ್ಲಾ-ವೋಸನ ಕ್ರಮದ ಎರಡನೆಯ ಅಂಗವೇ ಆಗಿದ್ದಿತು. ಪ್ರದರ್ಶನದ ಪೆಟ್ಟಿಗೆಯಲ್ಲಿ ತುಂಡುಗಳನ್ನು ಇಡಬಹುದು, ಕಾರ್ಖಾನೆಯ ಗದ್ದಲವನ್ನು ಇಡಲಾಗದು. ಕಂಡುದನ್ನು ಕೊಂಡುಹೋದರು; ಕಾಣದುದು ಮಾಸ್ಕೋವಿನಲ್ಲಿಯೇ ಉಳಿಯಿತು. ಪಠ್ಯಕ್ರಮಗಳು ಪರದೇಶಗಳಿಗೆ ಹೋಗುವಾಗ ಹೀಗಾಗುವುದು ಅಪರೂಪವಲ್ಲ.

ಇಷ್ಟರಲ್ಲಿ ಮೂರನೆಯ ಬಗೆಯ ಹಸ್ತಪಾಠವೊಂದು ಹುಟ್ಟಿತು. ಅದು ಮಾಡುವ ಪಾಠವಲ್ಲ, ಅಳೆಯುವ ಪಾಠ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಲೆಕ್ಸಾಂಡರ್ ಕೆನಡಿಯು ೧೮೭೮ರಲ್ಲಿ ಇಂಜಿನಿಯರಿಂಗ್ ಪ್ರಯೋಗಾಲಯವನ್ನು ತೆರೆದನು. ಅಮೆರಿಕದ ಸ್ಟೀವನ್ಸ್ ವಿದ್ಯಾಲಯದಲ್ಲಿಯೂ, ೧೮೮೫ರ ತರುವಾಯ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿಯೂ ರಾಬರ್ಟ್ ಥರ್ಸ್ಟನ್ನನು ಅಂತಹುದನ್ನೇ ಬೆಳಸಿದನು. ಇಲ್ಲಿ ವಿದ್ಯಾರ್ಥಿಯು ಉಕ್ಕಿನ ಸಲಾಕೆಯನ್ನು ಎಳೆದು, ತಿರುಚಿ, ಅದು ಯಾವ ಭಾರಕ್ಕೆ ಮುರಿಯುವುದೆಂದು ನೋಡುವನು. ಉಗಿಯಂತ್ರವನ್ನು ನಡೆಸಿ ಅದು ಎಷ್ಟು ಕಲ್ಲಿದ್ದಲನ್ನು ತಿಂದು ಎಷ್ಟು ಕೆಲಸ ಮಾಡಿತೆಂದು ಲೆಕ್ಕ ಹಾಕುವನು. ವಿಶ್ವವಿದ್ಯಾನಿಲಯಗಳಿಗೆ ಇದು ಬಹಳ ಒಪ್ಪಿತವಾಯಿತು. ಪ್ರಯೋಗಾಲಯಕ್ಕೆ ವಿಜ್ಞಾನದ ಘನತೆಯಿದ್ದಿತು; ಕರ್ಮಶಾಲೆಗಾದರೋ ಮಸಿಯ ವಾಸನೆ. ಮುಂದೆ ಕರ್ಮಶಾಲೆಗಳು ಸೊರಗಿದಾಗ ಪ್ರಯೋಗಾಲಯಗಳು ಉಳಿದುದಕ್ಕೆ ಈ ಅಂತಸ್ತಿನ ಭೇದವೂ ಒಂದು ಕಾರಣವಾಗಿರಬೇಕು.

ಜಪಾನಿನಲ್ಲಿ ೧೮೭೩ರಲ್ಲಿ ಆರಂಭವಾದ ಟೋಕಿಯೋ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸ್ಕಾಟ್ಲೆಂಡಿನ ಹೆನ್ರಿ ಡೈಯರನು ಆರು ವರ್ಷಗಳ ಪಾಠವನ್ನು ಎರಡೆರಡು ವರ್ಷದ ಮೂರು ಭಾಗಗಳಾಗಿ ಮಾಡಿ, ಕಡೆಯ ಭಾಗವನ್ನು ಪೂರ್ತಿಯಾಗಿ ಕೆಲಸಕ್ಕೆ ಮೀಸಲಿಟ್ಟನು. ೧೯೦೬ರಲ್ಲಿ ಸಿನ್ಸಿನಾಟಿಯ ಹರ್ಮನ್ ಷ್ನೈಡರನು ೨೭ ಮಂದಿ ವಿದ್ಯಾರ್ಥಿಗಳೊಡನೆ, ಒಂದು ವಾರ ಕಾಲೇಜು ಒಂದು ವಾರ ಕಾರ್ಖಾನೆ ಎಂಬ ಸರದಿಯನ್ನು ತೊಡಗಿದನು.

ಮಾಸ್ಕೋ ಕ್ರಮಕ್ಕೆ ಎಲ್ಲೆಯೂ ಉಂಟು. ಕನ್ನಡದಲ್ಲಿ ಹದವೆಂಬ ಮಾತಿದೆ. ನೆಲಕ್ಕೆ ಹದ, ಪಾಕಕ್ಕೆ ಹದ, ಉಕ್ಕಿಗೂ ಹದ. ಕಾಯಿಸಿ ನೀರಿನಲ್ಲಿ ಅದ್ದಿದ ಉಳಿಯು ಗಡುಸಾಗುವುದು, ಆದರೆ ಗಾಜಿನಂತೆ ಒಡೆಯುವ ಸ್ವಭಾವವನ್ನೂ ತಾಳುವುದು. ಅದನ್ನು ತಿಕ್ಕಿ ಬೆಳಗಿ ಮತ್ತೆ ಮೆಲ್ಲನೆ ಕಾಯಿಸಿದರೆ ಮೈಮೇಲೆ ಬಣ್ಣಗಳು ಹರಿಯುವುವು: ಸುಮಾರು ೨೩೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ೩೦೦ರ ಹತ್ತಿರ ನೀಲಿ. ಕಡೆಯುವ ಉಳಿಗೆ ಹಳದಿಯಲ್ಲಿಯೇ ನಿಲ್ಲಿಸಬೇಕು, ಸುತ್ತಿಗೆಯ ಪೆಟ್ಟನ್ನು ತಿನ್ನುವ ಚಾಣಕ್ಕೆ ನೇರಳೆ, ಸ್ಪ್ರಿಂಗಿಗೆ ನೀಲಿ. ಗ್ರಂಥದಲ್ಲಿ ಬಣ್ಣದ ಹೆಸರನ್ನು ಓದಿದವನು ಕುಲುಮೆಯ ಮುಂದೆ ಆ ಬಣ್ಣವು ಓಡಿಹೋಗುವುದನ್ನು ನೋಡುತ್ತ ನಿಲ್ಲುವನು. ಕಮ್ಮಾರನು ಅದು ಬರುವುದಕ್ಕೆ ಕ್ಷಣ ಮೊದಲೇ ಅದ್ದುವನು. ಆ ಕ್ಷಣವನ್ನು ಬೇರ್ಪಡಿಸಿ ಮಾದರಿ ತುಂಡಾಗಿ ಮಾಡಲು ಬರುವುದಿಲ್ಲ. ಮೂಲಕ್ರಿಯೆಗಳನ್ನು ಕಲಿಸಬಹುದು, ಹದವನ್ನು ಹತ್ತಿರ ನಿಂತು ಹಿಡಿಯಬೇಕು. ಇನ್ನೊಂದು ಅಪಾಯವೂ ಇತ್ತು. ಕಸುಬನ್ನು ಬಿಡಿಸಿ ನೋಡುವ ಇಂತಹುದೇ ದೃಷ್ಟಿಯು ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರನ ಕೈಗೆ ಬಂದಾಗ, ಕೆಲಸಗಾರನ ಒಂದೊಂದು ಚಲನೆಯನ್ನೂ ಗಡಿಯಾರದಿಂದ ಅಳೆಯುವ ಸಾಧನವಾಯಿತು. ವಿದ್ಯಾರ್ಥಿಗೆ ಕಸುಬು ಪೂರ್ತಿಯಾಗಿ ದೊರೆಯಲೆಂದು ಬಿಡಿಸುವುದು ಬೇರೆ, ಕೆಲಸಗಾರನಿಗೆ ಅದು ಪೂರ್ತಿಯಾಗಿ ದೊರೆಯದಂತೆ ಬಿಡಿಸುವುದು ಬೇರೆ. ಟೇಲರನು ತಾನು ಮಾತ್ರ ನಾಲ್ಕು ವರ್ಷ ಶಿಷ್ಯವೃತ್ತಿಯಲ್ಲಿದ್ದು ಕೆಲಸ ಕಲಿತವನು.

ಎರಡನೆಯ ಮಹಾಯುದ್ಧವಾದ ಬಳಿಕ ಅಮೆರಿಕದಲ್ಲಿ ಗಾಳಿಯು ತಿರುಗಿತು. ೧೯೫೫ರಲ್ಲಿ ಪ್ರಕಟವಾದ ಗ್ರಿಂಟರ್ ವರದಿಯು ಗಣಿತವಿಜ್ಞಾನಗಳ ತಳಹದಿಯನ್ನು ಬಲಪಡಿಸಬೇಕೆಂದೂ, ಕೈಕಸುಬಿನ ಅಂಶವು ಹೆಚ್ಚಾಗಿರುವ ಪಾಠಗಳನ್ನು ತೆಗೆದುಹಾಕಬೇಕೆಂದೂ ಸೂಚಿಸಿತು. ಅನೇಕ ಕಾಲೇಜುಗಳಲ್ಲಿ ಕುಲುಮೆಗಳು ಆರಿದುವು. ಆದರೆ ೧೯೭೦ರ ದಶಕದಲ್ಲಿಯೇ, ರಂಕಲನು ಆಳಿದ ಅದೇ ಮ್ಯಾಸಚುಸೆಟ್ಸ್ ವಿದ್ಯಾಲಯದಲ್ಲಿ ವುಡಿ ಫ್ಲವರ್ಸ್ ಎಂಬ ಅಧ್ಯಾಪಕನು ವಿದ್ಯಾರ್ಥಿಗಳಿಗೆ ಬಿಡಿ ಸಾಮಾನಿನ ಒಂದೊಂದು ಚೀಲವನ್ನು ಕೊಟ್ಟು, ಅದರಿಂದ ಯಂತ್ರವನ್ನು ಕಟ್ಟಿ ಪರಸ್ಪರ ಸ್ಪರ್ಧಿಸುವಂತೆ ಮಾಡಿ ಹೆಸರು ಪಡೆದನು. ೨೦೦೦ದ ಸುಮಾರಿಗೆ ಆ ವಿದ್ಯಾಲಯವೂ ಸ್ವೀಡನ್ನಿನ ಮೂರು ವಿಶ್ವವಿದ್ಯಾನಿಲಯಗಳೂ ಕೂಡಿ, ಕಲ್ಪಿಸು, ರೂಪಿಸು, ಕಟ್ಟು, ನಡೆಸು ಎಂಬ ನಾಲ್ಕು ಕ್ರಿಯೆಗಳನ್ನು ಪಠ್ಯಕ್ರಮದ ಕಂಬಗಳಾಗಿ ನಿಲ್ಲಿಸುವ ಪ್ರಯತ್ನವನ್ನು ಆರಂಭಿಸಿದುವು. ಈ ಹೊಸ ಹಸ್ತಪಾಠಕ್ಕೂ ಹಳೆಯದಕ್ಕೂ ಭೇದವಿದೆ. ಮಾಸ್ಕೋವಿನ ತುಂಡಿಗೆ ಸರಿಯಾದ ರೂಪವು ಒಂದೇ. ಚೀಲದ ಸಾಮಾನಿನಿಂದ ಆಗುವ ಯಂತ್ರಕ್ಕೆ ವಿದ್ಯಾರ್ಥಿಗಳೆಷ್ಟೋ ರೂಪಗಳೂ ಅಷ್ಟು. ಒಂದು ಕಾಪಿ ಬರೆಯುವ ಅಭ್ಯಾಸ, ಇನ್ನೊಂದು ಸ್ವಂತ ರಚನೆ. ಎರಡನೆಯದನ್ನು ಕೊಟ್ಟವರು ಮೊದಲನೆಯದನ್ನು ಎಷ್ಟೋ ಕಡೆ ಬಿಟ್ಟಿರುವರು. ಅದರ ಫಲವಾಗಿ ಕಲ್ಪನೆಯು ಚೆನ್ನಾಗಿದ್ದೂ ಕೀಲುಗಳು ಸಡಿಲವಾಗಿರುವ ಯಂತ್ರಗಳು ಕಂಡುಬರುವುವು.

ಮೈಸೂರು ಸಂಸ್ಥಾನದಲ್ಲಿ ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾಯಿತು. ಮರುವರ್ಷವೇ, ದಿವಾನ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯಿಂದ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ೧೯೯೮ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ಹುಟ್ಟಿದ ತಾಂತ್ರಿಕ ವಿಶ್ವವಿದ್ಯಾನಿಲಯದ ಕಾಲೇಜುಗಳಲ್ಲಿಯೂ ಕರ್ಮಶಾಲೆಯ ಅಭ್ಯಾಸವು ದೀರ್ಘಕಾಲ ಮೊದಲ ವರ್ಷದ ಎಲ್ಲ ಶಾಖೆಗಳವರಿಗೂ ಪಾಠವಾಗಿದ್ದಿತು. ಅಲ್ಲಿ ಮುಖ್ಯವಾದ ಕೆಲಸವು ಇದು: ಸುಮಾರು ಐವತ್ತು ಮಿಲಿಮೀಟರಿನ ಎರಡು ಮೃದು ಉಕ್ಕಿನ ಬಿಲ್ಲೆಗಳನ್ನು ಅರದಿಂದ ಉಜ್ಜಿ, ಒಂದರಲ್ಲಿ ಮೂಲೆಯಾಕಾರದ ಚಾಚನ್ನೂ ಇನ್ನೊಂದರಲ್ಲಿ ಅದಕ್ಕೆ ಒಪ್ಪುವ ಕಚ್ಚನ್ನೂ ಮಾಡಿ, ಎರಡನ್ನೂ ಕೂಡಿಸಬೇಕು. ಡೆಲ್ಲಾ-ವೋಸನ ಹೆಸರನ್ನು ಕೇಳದ ಸಾವಿರಾರು ವಿದ್ಯಾರ್ಥಿಗಳು ಆತನ ಪೆಟ್ಟಿಗೆಯಲ್ಲಿದ್ದ ತುಂಡುಗಳ ಜಾತಿಗೇ ಸೇರಿದ ಈ ಜೋಡಿಯನ್ನು ಮಾಡಿರುವರು. ಪರೀಕ್ಷಕನು ಅದನ್ನು ಕೈಗೆ ತೆಗೆದುಕೊಂಡು ಕಿಟಕಿಯ ಕಡೆಗೆ ಹಿಡಿಯುವನು. ಬೆಸುಗೆಯ ಗೆರೆಯಲ್ಲಿ ಎಲ್ಲಿ ಬೆಳಕು ತೂರಿಬಂದರೆ ಅಲ್ಲಿ ಅಂಕವು ಕಡಿಮೆಯಾಗುವುದು.